ಕಾರ್ವೆಟ್ ಸಿ8: ಅಗ್ಗದ ಸೂಪರ್‌ಕಾರಿನ ಬೆಲೆ ಕಟ್ಟಿದವರು ಯಾರು?

2019ರ ಜುಲೈ 18ರಂದು ಕ್ಯಾಲಿಫೋರ್ನಿಯಾದ ಟಸ್ಟಿನ್‌ನಲ್ಲಿ ಜನರಲ್ ಮೋಟರ್ಸ್ ಹೊಸ ಷೆವರ್ಲೆ ಕಾರ್ವೆಟ್‌ನ ಪರದೆ ಸರಿಸಿತು. ಎಂಟನೇ ತಲೆಮಾರಿನ ಕಾರು, ಅದಕ್ಕೇ ಸಿ8 ಅಂತ ಹೆಸರು. ಆವತ್ತು ಕಾರಿನ ವೇಗಕ್ಕಿಂತ ಹೆಚ್ಚು ಸುದ್ದಿಯಾಗಿದ್ದು ಬೆಲೆ. ಆರಂಭಿಕ ದರ 60 ಸಾವಿರ ಡಾಲರ್ ಒಳಗೆ, ಅಂದರೆ ಆಗಿನ ಲೆಕ್ಕದಲ್ಲಿ 40 ಲಕ್ಷ ರೂಪಾಯಿಗೆ ಸ್ವಲ್ಪ ಮೇಲೆ. ಅದೇ ಬಗೆಯ ಫೆರಾರಿಗೆ ಅಮೆರಿಕದಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು ಕೊಡಬೇಕಿತ್ತು. ಕಾರು ಚೆನ್ನಾಗಿದೆಯಾ ಇಲ್ಲವಾ ಅನ್ನೋದನ್ನ ವಿಮರ್ಶಕರು ಹೇಳಿಯಾಗಿದೆ. ನನ್ನ ಕುತೂಹಲ ಬೇರೆ: ಇಷ್ಟು ಕಡಿಮೆಗೆ ಹೇಗೆ ಸಾಧ್ಯವಾಯ್ತು?

ಮೊದಲು ಯಂತ್ರದ ಮಾತು ಮುಗಿಸೋಣ. ನಾವು ದಿನಾ ನೋಡುವ ಕಾರುಗಳಲ್ಲಿ ಎಂಜಿನ್ ಮುಂದೆ ಬಾನೆಟ್ ಕೆಳಗಿರುತ್ತೆ. ಸಿ8ನಲ್ಲಿ ಅದು ಸೀಟಿನ ಬೆನ್ನಿಗೆ, ಹಿಂದಿನ ಆಕ್ಸಲ್‌ಗಿಂತ ಮುಂದೆ ಕೂತಿದೆ. ಭಾರವೆಲ್ಲ ಕಾರಿನ ನಡುಭಾಗಕ್ಕೆ ಹತ್ತಿರ ಇದ್ದರೆ ತಿರುವಿನಲ್ಲಿ ಕಾರು ಬೇಗ ದಿಕ್ಕು ಬದಲಿಸುತ್ತೆ. ತಲೆ ಮೇಲೆ ಬಿಂದಿಗೆ ಹೊತ್ತವರು ಥಟ್ಟನೆ ತಿರುಗಬಲ್ಲರು. ಅದೇ ನೀರನ್ನ ಉದ್ದ ಕೋಲಿನ ಎರಡು ತುದಿಗೆ ಕಟ್ಟಿ ಹೊತ್ತವರು ತಿರುಗೋಕೆ ಒದ್ದಾಡ್ತಾರೆ. ಜೊತೆಗೆ ಸುಮಾರು 60 ಶೇಕಡಾ ಭಾರ ಹಿಂದಿನ ಚಕ್ರಗಳ ಮೇಲಿರೋದರಿಂದ, ಹೊರಡುವಾಗ ಟೈರು ಸುಮ್ಮನೆ ಜಾರದೆ ರಸ್ತೆಯನ್ನ ಕಚ್ಚುತ್ತೆ. 6.2 ಲೀಟರ್‌ನ ವಿ8 ಪೆಟ್ರೋಲ್ ಎಂಜಿನ್, 490 ಹಾರ್ಸ್‌ಪವರ್. ಝಡ್51 ಪ್ಯಾಕೇಜ್ ಇದ್ದರೆ ಗಂಟೆಗೆ 96 ಕಿ.ಮೀ. ವೇಗ ಮುಟ್ಟೋಕೆ ಮೂರು ಸೆಕೆಂಡೂ ಬೇಡ. ಮೈಲೇಜ್? ಅಮೆರಿಕದ ಸರ್ಕಾರಿ ಅಂದಾಜಿನ ಪ್ರಕಾರ ಲೀಟರಿಗೆ ಸುಮಾರು 8 ಕಿ.ಮೀ. ಹವಾಮಾನದ ಬಗ್ಗೆ ಮಾತಾಡುವ ನಮ್ಮಂಥವರಿಗೆ ಇದು ಖುಷಿಯ ಸಂಖ್ಯೆಯೇನಲ್ಲ.

ಈ ವಿನ್ಯಾಸ ಹೊಸದಲ್ಲ. ಜೋರಾ ಆರ್ಕಸ್-ಡಂಟೋವ್ ಅನ್ನುವ ಎಂಜಿನಿಯರ್ 1960ರಲ್ಲೇ ಎಂಜಿನ್ ನಡುವಿರುವ ಪ್ರಾಯೋಗಿಕ ಕಾರು ಮಾಡಿ ತೋರಿಸಿದ್ದರು. ಹುಟ್ಟಿದ್ದು ಬ್ರಸೆಲ್ಸ್‌ನಲ್ಲಿ, ರಷ್ಯನ್ ಯಹೂದಿ ಕುಟುಂಬದಲ್ಲಿ. ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದವರು. 'ಅಮೆರಿಕದ ಹೆಮ್ಮೆ' ಅಂತ ಬಾವುಟ ಹಚ್ಚಿ ಮಾರುವ ಕಾರಿನ ಹಿಂದಿರೋದು ಒಬ್ಬ ನಿರಾಶ್ರಿತನ ತಲೆ ಅನ್ನೋದನ್ನ ವಲಸಿಗರ ಮೇಲೆ ಕಿಡಿಕಾರುವವರು ನೆನಪಿಟ್ಟುಕೊಳ್ಳೋದು ಒಳ್ಳೇದು. ಮುಂದಿನ ಎಂಜಿನ್ನಿನ ಕಾರೇ ಚೆನ್ನಾಗಿ ಓಡ್ತಿದೆ, ಯಾಕೆ ಖರ್ಚು ಅಂತ ಮೇಲಧಿಕಾರಿಗಳು ಮುಂದೂಡುತ್ತಲೇ ಹೋದರು. ಡಂಟೋವ್ 1975ರಲ್ಲಿ ನಿವೃತ್ತರಾದರು, 1996ರಲ್ಲಿ ತೀರಿಕೊಂಡರು.

ಬೆಲೆಗೆ ಬರೋಣ. ಎಂಜಿನ್ ನೋಡೋಕೆ ಭರ್ಜರಿ, ಒಳಗೆ ಹಳೇ ಕಾಲದ ಪುಶ್‌ರಾಡ್ ವ್ಯವಸ್ಥೆ. ಫೆರಾರಿಯ ವಿ8ನಲ್ಲಿ ನಾಲ್ಕು ಕ್ಯಾಮ್‌ಶಾಫ್ಟ್, ಇದರಲ್ಲಿ ಒಂದೇ. ಭಾಗಗಳು ಕಡಿಮೆ, ಖರ್ಚೂ ಕಡಿಮೆ. ಮ್ಯಾನ್ಯುಯಲ್ ಗೇರ್ ಇಲ್ಲವೇ ಇಲ್ಲ, ಎಲ್ಲಕ್ಕೂ ಒಂದೇ ಎಂಟು ಗೇರಿನ ಡ್ಯುಯಲ್ ಕ್ಲಚ್. ಎಲ್ಲಕ್ಕಿಂತ ಮುಖ್ಯ, ಸಂಖ್ಯೆ. ಫೆರಾರಿ 2023ರಲ್ಲಿ ಎಲ್ಲಾ ಮಾದರಿ ಸೇರಿ ಕೊಟ್ಟಿದ್ದು ಸುಮಾರು 13,600 ಕಾರು. ಕೆಂಟಕಿಯ ಬೌಲಿಂಗ್ ಗ್ರೀನ್‌ನಲ್ಲಿರುವ ಒಂದೇ ಕಾರ್ಖಾನೆ 2023ರ ಮಾದರಿಯ ಕಾರ್ವೆಟ್‌ಗಳನ್ನ 50 ಸಾವಿರಕ್ಕೂ ಹೆಚ್ಚು ತಯಾರಿಸಿತು. (ಹಿಂದಿನ ಡಿಕ್ಕಿಯಲ್ಲಿ ಎರಡು ಗಾಲ್ಫ್ ಬ್ಯಾಗ್ ಹಿಡಿಸುವಂತೆ ವಿನ್ಯಾಸ ಮಾಡಿದ್ದಾರೆ. ಗಿರಾಕಿ ಯಾರು ಅಂತ ಬೇರೆ ಹೇಳಬೇಕಾ?)

ಕಾರು ವಿಮರ್ಶೆಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಆದರೆ ಕಾರು ಪರದೆಯಿಂದ ಹೊರಬಂದ ಎರಡೇ ತಿಂಗಳಿಗೆ, ಸೆಪ್ಟೆಂಬರ್ 16ರಂದು, ಜನರಲ್ ಮೋಟರ್ಸ್‌ನ 48 ಸಾವಿರದಷ್ಟು ಕಾರ್ಮಿಕರು ಕೆಲಸ ನಿಲ್ಲಿಸಿ ಹೊರಬಂದರು. ಬೌಲಿಂಗ್ ಗ್ರೀನ್‌ನವರೂ ಅದರಲ್ಲಿದ್ದರು. ಕಾರಣ ಹಳೆಯದು. ಕಂಪನಿ ಕಷ್ಟದಲ್ಲಿದ್ದಾಗ 2007ರ ಒಪ್ಪಂದ ಹೊಸಬರಿಗೆ ಹಳಬರ ಸುಮಾರು ಅರ್ಧ ಸಂಬಳ ಅಂತ ಗೆರೆ ಎಳೆದಿತ್ತು. 2009ರಲ್ಲಿ ಕಂಪನಿ ದಿವಾಳಿಯಾಗಿ ಜನರ ತೆರಿಗೆ ದುಡ್ಡಲ್ಲಿ ಎದ್ದು ನಿಂತಿತು, 2018ರಲ್ಲಿ 800 ಕೋಟಿ ಡಾಲರ್ ನಿವ್ವಳ ಲಾಭ ಮಾಡಿತು. ಆದರೂ ಹೊಸಬರು ಪೂರ್ತಿ ಸಂಬಳ ಮುಟ್ಟೋಕೆ ಎಂಟು ವರ್ಷ ಕಾಯಬೇಕಿತ್ತು. ಪಕ್ಕದಲ್ಲೇ ಅದೇ ಬೋಲ್ಟ್ ಬಿಗಿಯುವ ತಾತ್ಕಾಲಿಕ ಕಾರ್ಮಿಕರಿಗೆ ಆ ದಾರಿಯೂ ಇರಲಿಲ್ಲ.

ಸಂಬಳ ಕಡಿಮೆ ಇದ್ದಿದ್ದಕ್ಕೇ ಕಾರು ಅಗ್ಗವಾಯ್ತು ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳೋದು ಸುಲಭ, ಪೂರ್ತಿ ನಿಜ ಅಲ್ಲ. ಆದರೆ ಆ 'ಪವಾಡದ ಬೆಲೆ'ಯ ಲೆಕ್ಕ ಹಾಕುವಾಗ ಪುಶ್‌ರಾಡ್ ಕಾಣುತ್ತೆ, ಕಾರ್ಮಿಕ ಕಾಣಲ್ಲ ಅನ್ನೋದೇ ನನ್ನ ತಕರಾರು.

ಮುಷ್ಕರ 40 ದಿನ ನಡೆಯಿತು. ಸಂಘ ಕೊಟ್ಟಿದ್ದು ವಾರಕ್ಕೆ 275 ಡಾಲರ್‌ವರೆಗೆ ಮುಷ್ಕರ ಭತ್ಯೆ, ಅಷ್ಟೇ. ಕೊನೆಗೆ ಎಂಟು ವರ್ಷದ ಕಾಯುವಿಕೆ ನಾಲ್ಕಕ್ಕಿಳಿಯಿತು, ತಾತ್ಕಾಲಿಕರಿಗೆ ಮೂರು ವರ್ಷದ ನಂತರ ಕಾಯಂ ಆಗುವ ದಾರಿ ಸಿಕ್ಕಿತು. ಒಹಾಯೊದ ಲಾರ್ಡ್ಸ್‌ಟೌನ್ ಕಾರ್ಖಾನೆ ಮಾತ್ರ ಉಳಿಯಲಿಲ್ಲ. ಕಂಪನಿಯೇ ಹೇಳಿದ ನಷ್ಟ 360 ಕೋಟಿ ಡಾಲರ್. 2019ರ ಕೊನೆಗೆ ಶುರುವಾಗಬೇಕಿದ್ದ ಸಿ8 ಉತ್ಪಾದನೆ 2020ರ ಫೆಬ್ರವರಿ 3ಕ್ಕೆ ಹೋಯಿತು. ಅದಕ್ಕೂ ಮುಂಚೆ, ಜನವರಿಯಲ್ಲಿ, ಮೊದಲ ಸಿ8 ದಾನಕ್ಕಾಗಿ ಹರಾಜಾಗಿ 30 ಲಕ್ಷ ಡಾಲರ್‌ಗೆ ಹೋಗಿತ್ತು. ಕಾರನ್ನ ಇನ್ನೂ ಕಟ್ಟೇ ಇರಲಿಲ್ಲ.

ನಮ್ಮ ದೇಶದಲ್ಲಿ ಕಂಪನಿ ಈ ಕಾರನ್ನ ಮಾರುವುದಿಲ್ಲ. ಜನರಲ್ ಮೋಟರ್ಸ್ 2017ರಲ್ಲೇ ಇಲ್ಲಿ ಕಾರು ಮಾರೋದು ನಿಲ್ಲಿಸಿತು. ಪುಣೆ ಹತ್ತಿರದ ತಳೇಗಾಂವ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್‌ನಲ್ಲಿ ಉತ್ಪಾದನೆ ನಿಂತಾಗ ಸಾವಿರಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಕಳಕೊಂಡು ವರ್ಷಗಟ್ಟಲೆ ಹೋರಾಡಿದರು. ಆ ಕಾರ್ಖಾನೆ ಈಗ ಹ್ಯುಂಡೈ ಕೈಯಲ್ಲಿದೆ.