ಗಂಗಾಮೂಲದಿಂದ ಕೇಡಗಾವಿಗೆ

ಪುಣೆಯಿಂದ ಕಲಬುರಗಿಯತ್ತ ಹೊರಟ ರೈಲು ದೌಂಡ ತಲುಪುವ ಮೊದಲು ಕೇಡಗಾವ್ ಎಂಬ ಸಣ್ಣ ನಿಲ್ದಾಣವನ್ನು ದಾಟುತ್ತದೆ. ಚಾಕಣದ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಉತ್ತರ ಕರ್ನಾಟಕದವರಲ್ಲಿ ಹಲವರು ಹಬ್ಬಕ್ಕೆ ಊರಿಗೆ ಹೋಗುವುದು ಇದೇ ಹಳಿಯ ಮೇಲೆ. ಅಲ್ಲಿ ನೂರಿಪ್ಪತ್ತೈದು ವರ್ಷಗಳ ಹಿಂದೆ ನಿರಾಶ್ರಿತರಿಗೆ, ಕುರುಡರಿಗೆ, ಮುದುಕಿಯರಿಗೆ ಮನೆ ಕಟ್ಟಿದ ಪಂಡಿತಾ ರಮಾಬಾಯಿ ಕನ್ನಡನಾಡಿನಲ್ಲಿ ಹುಟ್ಟಿದವರೆಂಬುದು ಎಷ್ಟು ಜನಕ್ಕೆ ನೆನಪಿದೆಯೋ ಕಾಣೆ.

ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಬಂದ ವಿರೋಧದಿಂದ ಬೇಸತ್ತು, ತುಂಗೆ ಭದ್ರೆಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ನೆಲೆಸಿದರು. 1858ರಲ್ಲಿ ರಮಾಬಾಯಿ ಹುಟ್ಟಿದ್ದು ಅಲ್ಲಿಯೇ. ಕೆಲವೇ ತಿಂಗಳಲ್ಲಿ ಕುಟುಂಬ ತೀರ್ಥಯಾತ್ರೆ ಹೊರಟಿತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಹೊತ್ತೊಯ್ದರು. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಹಸಿವೆಂದರೇನೆಂದು ಆಕೆಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ.

1883ರಲ್ಲಿ, ಗಂಡನನ್ನು ಕಳೆದುಕೊಂಡ ಮರುವರ್ಷ, ವೈದ್ಯವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತಿದ್ದುದರಿಂದ ಅದು ಕೈಗೂಡಲಿಲ್ಲ. ಚರಿತ್ರಕಾರರು ಒಂದು ವಾಕ್ಯದಲ್ಲಿ ದಾಟಿಬಿಡುವ ಈ ಸಂಗತಿ ನನಗೆ ಮುಖ್ಯವೆನಿಸುತ್ತದೆ: ಅಂಗವಿಕಲತೆಯನ್ನು ಆಕೆ ಹೊರಗಿನಿಂದ ನೋಡಿದವರಲ್ಲ. ಲಂಡನ್ನಿನ ಫುಲ್ಹಮ್‌ನಲ್ಲಿ ಕ್ರೈಸ್ತ ಸೋದರಿಯರು ನಡೆಸುತ್ತಿದ್ದ ಮನೆಯೊಂದನ್ನು ಕಂಡರು. ಸಮಾಜ ಪತಿತೆಯರೆಂದು ತಳ್ಳಿದ ಹೆಂಗಸರನ್ನು ಅಲ್ಲಿ ಕೂಡಿಹಾಕದೆ ದುಡಿಮೆಗೂ ಗೌರವಕ್ಕೂ ಮರಳಿಸುವ ಪ್ರಯತ್ನ ನಡೆದಿತ್ತು. ಆ ನೋಟ ಅವರ ಮನಸ್ಸನ್ನು ಬಿಡಲಿಲ್ಲ.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದು, ಮರುವರ್ಷ ಅದನ್ನು ಪುಣೆಗೆ ತಂದರು. 1896ರ ಕ್ಷಾಮದಲ್ಲಿ ಮಧ್ಯಪ್ರಾಂತಗಳಿಗೆ ತಾವೇ ಹೋಗಿ ಮುನ್ನೂರರಷ್ಟು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ನಿರ್ಬಂಧಗಳಿದ್ದುದರಿಂದ ಅವರಿಗೆ ಕೇಡಗಾವಿನ ಹೊಲದಲ್ಲಿ ಗುಡಿಸಲು ಹಾಕಬೇಕಾಯಿತು. ಅದೇ ಮುಕ್ತಿ ಸದನ. 1900ರ ಗುಜರಾತ ಕ್ಷಾಮದ ಹೊತ್ತಿಗೆ ಅಲ್ಲಿ ಸುಮಾರು 2000 ಜನರಿದ್ದರು.

ಅನ್ನ ಹಾಕುವ ಛತ್ರಗಳು ನಮ್ಮಲ್ಲಿ ಹಿಂದೆಯೂ ಇದ್ದವು. ಮುಕ್ತಿಯ ವಿಶೇಷವಿದ್ದುದು ಬೇರೆಬೇರೆ ಬಗೆಯ ಅಸಹಾಯಕತೆಗೆ ಬೇರೆಬೇರೆ ವ್ಯವಸ್ಥೆ ಬೇಕೆಂಬ ತಿಳಿವಳಿಕೆಯಲ್ಲಿ. ಶೋಷಣೆಗೊಳಗಾದವರಿಗೆ ಕೃಪಾ ಸದನ, ವೃದ್ಧೆಯರಿಗೂ ದುರ್ಬಲರಿಗೂ ಪ್ರೀತಿ ಸದನ. ಕುರುಡರಿಗೆ ಮಗಳು ಮನೋರಮಾ ಬ್ರೈಲ್ ಲಿಪಿ ಕಲಿಸಿದರು. ಬುಟ್ಟಿ ಹೆಣೆಯುವ ಕೆಲಸವೂ ಇತ್ತು. ಮಗ್ಗ, ಗಾಣ, ಹೈನುಗಾರಿಕೆ, ಒಕ್ಕಲುತನ ನಡೆಸುತ್ತಿದ್ದವರು ನಿವಾಸಿಗಳೇ. ರಮಾಬಾಯಿ ಮರಾಠಿಗೆ ಮಾಡಿದ ಬೈಬಲ್ ಅನುವಾದಕ್ಕೆ ಅಚ್ಚುಮೊಳೆ ಜೋಡಿಸಿದ್ದೂ ಅಲ್ಲಿಯ ಹೆಂಗಸರೇ. ಊಟದ ಸಾಲಿನಲ್ಲಿ ಕುಳಿತವಳಿಗೂ ಮೊಳೆ ಜೋಡಿಸುವವಳಿಗೂ ಇರುವ ಅಂತರದಲ್ಲೇ ಆರೈಕೆಯ ಗುಣಮಟ್ಟವನ್ನು ಅಳೆಯಬೇಕೆಂದು ನನ್ನ ಎಣಿಕೆ.

ಆದರೆ ಬರಿಯ ಹೊಗಳಿಕೆ ಚರಿತ್ರೆಯಾಗದು. 1893ರಲ್ಲಿ ಶಾರದಾ ಸದನದ ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಗೆ ಹೋಗುತ್ತಿರುವರೆಂದು ದೊಡ್ಡ ವಿವಾದವೆದ್ದಿತು. ಟಿಳಕರ 'ಕೇಸರಿ' ಕಟುವಾಗಿ ಬರೆಯಿತು. ರಾನಡೆ, ಭಾಂಡಾರಕರರಂಥ ಹಿತೈಷಿಗಳೂ ಸಲಹಾ ಸಮಿತಿಯಿಂದ ಹೊರಬಂದರು. ಹಲವು ಪಾಲಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಬಾಗಿಲು ತೆರೆದಿದೆ, ಯಾರನ್ನೂ ಬಲವಂತಪಡಿಸಿಲ್ಲ ಎಂಬುದು ರಮಾಬಾಯಿಯವರ ನಿಲುವು. ಟೀಕಾಕಾರರಲ್ಲಿ ಎಷ್ಟೋ ಮಂದಿ ಆ ವಿಧವೆಯರಿಗೆ ಒಂದು ಜಗಲಿಯನ್ನೂ ಬಿಟ್ಟುಕೊಟ್ಟವರಲ್ಲ. ಆದರೂ ಪ್ರಶ್ನೆ ಸುಳ್ಳಲ್ಲ. ಸೂರು ಕೊಟ್ಟವರ ನಂಬಿಕೆಗೆ ಇಲ್ಲವೆನ್ನುವ ಧೈರ್ಯ, ಬೇರೆ ಸೂರಿಲ್ಲದವಳಿಗೆ ಎಷ್ಟಿದ್ದೀತು? ಇನ್ನು ಎರಡು ಸಾವಿರ ಜನರ ಮನೆಯಲ್ಲಿ ಮನೆಗಿಂತ ಗಂಟೆಯ ಆಳ್ವಿಕೆಯೇ ಹೆಚ್ಚಾಗಿರುವುದು ಸಹಜ.

ಅದೇ ಶಾರದಾ ಸದನದಲ್ಲಿ ಓದಿದ ವಿಧವೆ ಗೋದೂಬಾಯಿಯನ್ನು 1893ರಲ್ಲಿ ಮದುವೆಯಾದವರು ಧೋಂಡೋ ಕೇಶವ ಕರ್ವೆ. 1896ರಲ್ಲಿ ಅವರು ಪುಣೆಯಲ್ಲಿ ವಿಧವೆಯರಿಗಾಗಿ ಬೇರೊಂದು ಆಶ್ರಮ ತೆರೆದರು. ರಮಾಬಾಯಿ 1912ರ ಸುಮಾರಿಗೆ ಆಗ ನಿಜಾಮನ ಸೀಮೆಯಲ್ಲಿದ್ದ ಕಲಬುರಗಿಯಲ್ಲೂ ಶಾಲೆ ತೆರೆದರು. 1921ರಲ್ಲಿ ಮನೋರಮಾ, 1922ರ ಏಪ್ರಿಲ್‌ನಲ್ಲಿ ತಾಯಿ ತೀರಿಕೊಂಡರು. ಸಂಸ್ಥೆ ಇಂದಿಗೂ ನಡೆಯುತ್ತಿದೆ.

ಕರುಣೆಯ ಕೆಲಸ ಹಕ್ಕಿನ ಮಾತಾಗಲು ಬಹಳ ಕಾಲ ಹಿಡಿಯಿತು. ಬೌದ್ಧಿಕ ನ್ಯೂನತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಮೊದಲಾದವುಗಳಿರುವವರ ಪೋಷಕತ್ವ ಮತ್ತು ಆರೈಕೆಗೆ 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯಿದೆ ಬಂತು. 2017ರ ಮಾನಸಿಕ ಆರೋಗ್ಯ ಕಾಯಿದೆಯ 19ನೆಯ ಕಲಮು ಇನ್ನೂ ಮುಂದೆ ಹೋಗಿ, ಮನೆಯವರು ಒಲ್ಲೆನೆಂದರೆಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಇರಿಸಕೂಡದು, ಅವರು ಸಮಾಜದ ನಡುವೆ ಬದುಕಲು ಗುಂಪು ಮನೆಗಳಂಥ ಏರ್ಪಾಡು ಸರ್ಕಾರದ ಹೊಣೆ ಎನ್ನುತ್ತದೆ. ಚಾಕಣದ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ, ಗಂಡಹೆಂಡಿರಿಬ್ಬರೂ ಪಾಳಿಗೆ ಹೋದಾಗ, ಊರಿನಿಂದ ಕರೆತಂದ ಬುದ್ಧಿ ಬೆಳೆಯದ ತಮ್ಮನ ಬಳಿ ಯಾರಿರಬೇಕೆಂಬುದನ್ನು ಈಗಲೂ ಪಕ್ಕದ ಮನೆಯ ಅಜ್ಜಿಯೇ ತೀರ್ಮಾನಿಸಬೇಕಾಗಿದೆ.