ರೇಸ್ ಕಾರಿನ ಹಳೆತನಕ್ಕೆ ಬೆಲೆ ಕಟ್ಟುವ ಬಗೆ

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಂಥ ಊರಿನಲ್ಲಿ ಹಳೆಯ ಟ್ರ್ಯಾಕ್ಟರ್ ಕೊಳ್ಳುವವರು ಅದು ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳುವುದಿಲ್ಲ. ಎಷ್ಟು ಗಂಟೆ ದುಡಿದಿದೆ ಎಂದು ಮೀಟರ್ ನೋಡುತ್ತಾರೆ. ರೇಸಿನ ಪಥದಲ್ಲಷ್ಟೇ ಓಡುವ ಕಾರಿಗೂ ಇದೇ ಲೆಕ್ಕ ಸಲ್ಲುತ್ತದೆ, ಆದರೆ ಅರ್ಧ ಮಾತ್ರ.

ಸಾಮಾನ್ಯ ಕಾರಿನ ವಿಷಯ ಸುಲಭ. 2002ರ ಭಾರತೀಯ ಮೋಟಾರು ವಿಮಾ ದರಪಟ್ಟಿಯು ಮೊದಲ ಆರು ತಿಂಗಳಿಗೆ ಶೇ. 5, ಒಂದು ವರ್ಷದವರೆಗೆ ಶೇ. 15, ನಾಲ್ಕು ವರ್ಷ ಮೀರಿದರೆ ಶೇ. 50 ಎಂದು ಸವಕಳಿ ನಿಗದಿಪಡಿಸಿತು. ಪಥದ ಕಾರಿಗೆ ಈ ಪಟ್ಟಿ ಹೊಂದದು. 1988ರ ಮೋಟಾರು ವಾಹನ ಕಾಯಿದೆ ನೋಂದಣಿ ಕೇಳುವುದು ರಸ್ತೆಯಲ್ಲಿ ಬಳಸಲು ತಕ್ಕಂತೆ ರೂಪಿಸಿದ ವಾಹನಕ್ಕೆ. ಇದಕ್ಕೆ ಆರ್.ಸಿ. ಪುಸ್ತಕವೇ ಇರುವುದಿಲ್ಲ.

ದಕ್ಷಿಣ ಭಾರತದಲ್ಲಿ ಇಂಥ ಕಾರುಗಳು ಓಡಿದ ಹಳೆಯ ತಾಣ ಮದರಾಸಿನ ಬಳಿಯ ಶೋಲಾವರಂ. ಅದು ಎರಡನೆಯ ಮಹಾಯುದ್ಧ ಕಾಲದ ವಿಮಾನ ಓಡುಪಟ್ಟಿ. 1980ರ ದಶಕದಲ್ಲಿ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅಲ್ಲಿ ಎನ್‌ಸೈನ್ ತಂಡದ ಹಳೆಯ ಫಾರ್ಮುಲಾ ಒನ್ ಕಾರು ಓಡಿಸಿದರು. ಎನ್‌ಸೈನ್ ಕಾರುಗಳಲ್ಲಿದ್ದುದು ಕಾಸ್‌ವರ್ತ್ ಡಿ.ಎಫ್.ವಿ. ಎಂಜಿನ್. 1967ರಲ್ಲಿ ಕಣಕ್ಕಿಳಿದ, ಎಂಟು ಸಿಲಿಂಡರುಗಳ ಈ ಮೂರು ಲೀಟರ್ ಯಂತ್ರ ವಿಶ್ವ ಚಾಂಪಿಯನ್‌ಷಿಪ್ಪಿನ 155 ಪಂದ್ಯಗಳನ್ನು ಗೆದ್ದಿತು. ಆದರೂ ಹೊಸ ವಿನ್ಯಾಸ ಬಂದೊಡನೆ ತಂಡಗಳಿಗೆ ಹಿಂದಿನ ಕಾರು ಹೋದ ವರ್ಷದ ಪಂಚಾಂಗ. ಮಾರಿ ಬಂದ ಹಣ ಮುಂದಿನ ಕಾರಿಗೆ ಆಗುತ್ತಿತ್ತು.

ಕೊಳ್ಳುವವನು ಆಗ ನೋಡಬೇಕಾದುದು ಉಳಿದ ಆಯುಷ್ಯವನ್ನು. ಒಂದು ಎಂಜಿನ್ನನ್ನು 40 ಗಂಟೆಗೊಮ್ಮೆ ಬಿಚ್ಚಿ ಕಟ್ಟಬೇಕು, ಅದಕ್ಕೆ 8 ಲಕ್ಷ ರೂಪಾಯಿ ಬೇಕು ಎಂದಿಟ್ಟುಕೊಳ್ಳಿ. ಅದು ಆಗಲೇ 30 ಗಂಟೆ ಓಡಿದ್ದರೆ 6 ಲಕ್ಷ ರೂಪಾಯಿಯನ್ನು ಬೆಲೆಯಿಂದ ಕಳೆಯಬೇಕು. ಗೇರ್‌ಬಾಕ್ಸಿಗೂ ಹೀಗೆಯೇ. ಸೀಟ್ ಬೆಲ್ಟ್, ಇಂಧನ ಚೀಲಗಳಿಗಂತೂ ಔಷಧದಂತೆ ಅವಧಿ ಮುಗಿಯುವ ದಿನಾಂಕವೇ ಇರುತ್ತದೆ. ಲೋಹದ ದಣಿವು ಮಾತ್ರ ಕಣ್ಣಿಗೆ ಕಾಣದು. ಉಕ್ಕಿನ ಭಾಗಗಳ ಬಿರುಕನ್ನು ಕಾಂತೀಯ ಕಣಗಳಿಂದಲೂ ಅಲ್ಯೂಮಿನಿಯಂ ಭಾಗಗಳ ಬಿರುಕನ್ನು ಒಳಸೇರುವ ಬಣ್ಣದಿಂದಲೂ ಪತ್ತೆಹಚ್ಚುತ್ತಾರೆ. ಒಂದು ಮಿತಿಗಿಂತ ಕಡಿಮೆ ಒತ್ತಡವನ್ನು ಉಕ್ಕು ಬಹುಕಾಲ ತಾಳಬಲ್ಲದು. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ.

ಇಷ್ಟರಿಂದಲೇ ಬೆಲೆ ನಿರ್ಧಾರವಾಗುತ್ತಿದ್ದರೆ ಹಳೆಯ ರೇಸ್ ಕಾರುಗಳೆಲ್ಲ ಗುಜರಿ ಸೇರಬೇಕಿತ್ತು. 1954ರಲ್ಲಿ ಫಾಂಜಿಯೊ ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ಗ್ರ್ಯಾನ್ ಪ್ರೀಗಳನ್ನು ಗೆದ್ದ ಮರ್ಸಿಡಿಸ್ ಡಬ್ಲ್ಯು 196 ಕಾರು 2013ರ ಹರಾಜಿನಲ್ಲಿ ಸುಮಾರು 1.96 ಕೋಟಿ ಪೌಂಡಿಗೆ ಹೋಯಿತು. ಅದೇ ಮಾದರಿಯ, ಗಾಳಿಗೆ ಒಗ್ಗುವ ಮೈಯ ಇನ್ನೊಂದು ಕಾರು 2025ರಲ್ಲಿ 5.1 ಕೋಟಿ ಯೂರೋ ದಾಟಿತು. ಯಂತ್ರವಾಗಿ ಇವೆರಡೂ ಇಂದಿನ ಪಂದ್ಯಕ್ಕೆ ನಿಷ್ಪ್ರಯೋಜಕ.

ಇಲ್ಲಿ ಬೆಲೆ ಬಂದದ್ದು ದಾಖಲೆಗೆ. ರೇಸ್ ಕಾರಿನಲ್ಲಿ ಎಂಜಿನ್, ಚಕ್ರ, ಸಸ್ಪೆನ್ಷನ್ ಎಲ್ಲವೂ ಬದಲಾಗುತ್ತಿರುತ್ತವೆ. ಹಾಗಾದರೆ ಗೆದ್ದ ಕಾರು ಇದೇ ಎನ್ನಲು ಆಧಾರವೇನು? ಚಾಸಿಯ ಸಂಖ್ಯೆ, ಪಂದ್ಯದ ಪಟ್ಟಿ, ಆ ಕಾಲದ ಛಾಯಾಚಿತ್ರ, ರಿಪೇರಿಯ ಬಿಲ್ಲು. ಇವು ಒಂದಕ್ಕೊಂದು ತಾಳೆಯಾಗಬೇಕು. ತಾಳೆಯಾಗದಿದ್ದರೆ, ಮಾಲೀಕ ಎಷ್ಟೇ ಹಣ ಸುರಿದಿರಲಿ, ಲೆಕ್ಕ ಮತ್ತೆ ಟ್ರ್ಯಾಕ್ಟರಿನ ಗಂಟೆಗೇ ಬಂದು ನಿಲ್ಲುತ್ತದೆ.