ತೊಟ್ಟಿಲು ತಿರುಗಿಸುವ ಕೈ

ಜಾತ್ರೆಯಲ್ಲಿ ದುಡಿಯುವವರಿಗೆಲ್ಲ ನಮ್ಮ ಭಾಷೆಯಲ್ಲಿ ಒಂದೊಂದು ಹೆಸರಿದೆ. ತೇರು ಕಟ್ಟುವವರು, ಡೊಳ್ಳು ಬಾರಿಸುವವರು, ಬಳೆಗಾರ, ಮಿಠಾಯಿಯವನು, ಕಂಪನಿ ನಾಟಕದ ನಟ, ಇವರನ್ನೆಲ್ಲ ನಾವು ಹೆಸರು ಹಿಡಿದು ಗುರುತಿಸುತ್ತೇವೆ. ಊರ ಹೊರಗಿನ ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರವಾಗಿ ನಿಂತು, ಜಾತ್ರೆ ನೆರೆದಿದೆಯೆಂದು ದೂರದ ಹಳ್ಳಿಗಳಿಗೂ ದೀಪಗಳಿಂದಲೇ ಸಾರುವ ಯಂತ್ರಕ್ಕೂ ಹೆಸರುಂಟು. ಹಳಬರು ಅದನ್ನು ರಂಕಲರಾಟೆ ಎಂದರು, ತೊಟ್ಟಿಲು ಎಂದರು. ಈಗಿನವರು ಜೈಂಟ್ ವೀಲ್ ಎನ್ನುತ್ತಾರೆ. ಅದನ್ನು ನಡೆಸುವವನಿಗೆ ಮಾತ್ರ ಬೇರೆ ಹೆಸರಿಲ್ಲ. ‘ತೊಟ್ಟಿಲಿನವನು’ ಎಂದು ಯಂತ್ರದ ಹೆಸರನ್ನೇ ಅವನಿಗೂ ಅಂಟಿಸಿ ನಾವು ಮುಂದೆ ಸಾಗುತ್ತೇವೆ. ಆ ಹೆಸರಿಲ್ಲದವನ ಕೈಯ ಚರಿತ್ರೆಯನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಈ ಆಟದ ಬಗ್ಗೆ ಉಳಿದು ಬಂದಿರುವ ಹಳೆಯ ಬರಹಗಳಲ್ಲಿ ಒಂದು, ನಮ್ಮ ನಾಡಿಗೂ ಬಂದುಹೋದ ಪ್ರವಾಸಿಯದು ಎಂಬುದು ಸಂತೋಷದ ಸಂಗತಿ. ರೋಮಿನ ಪಿಯೆತ್ರೊ ದೆಲ್ಲ ವಾಲೆ ೧೬೨೩ರಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಬಂದು, ವೆಂಕಟಪ್ಪ ನಾಯಕನ ರಾಜಧಾನಿಯನ್ನು ಕಂಡು, ಅಲ್ಲಿನ ಬೀದಿಗಳಲ್ಲಿ ಕೋಲು ಹಿಡಿದು ಕುಣಿಯುತ್ತಿದ್ದ ಹೆಣ್ಣುಮಕ್ಕಳ ವಿಷಯವನ್ನು ಬರೆದಿಟ್ಟವನು. ಅದಕ್ಕೆ ಎಂಟು ವರ್ಷ ಮೊದಲು, ೧೬೧೫ರಲ್ಲಿ, ಅವನು ಕಾನ್‌ಸ್ಟಾಂಟಿನೋಪಲ್ ನಗರದ ರಂಜಾನ್ ಉತ್ಸವದಲ್ಲಿ ದೊಡ್ಡದೊಂದು ಚಕ್ರವನ್ನೇರಿದ್ದ. ಮೇಲೇರಿ ಕೆಳಗಿಳಿಯುವ ಆ ವೇಗ ಅವನಿಗೆ ಬಹಳ ಹಿಡಿಸಿತು. ಬಳಿಯಲ್ಲಿ ಕುಳಿತಿದ್ದ ಗ್ರೀಕನೊಬ್ಬನಿಗಾದರೋ ಅದು ತಡೆಯದಾಯಿತು; ಸಾಕು ಸಾಕು ಎಂದು ಅವನು ಕೂಗಿಕೊಂಡನಂತೆ. ಐದು ವರ್ಷಗಳ ತರುವಾಯ, ೧೬೨೦ರಲ್ಲಿ, ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ ಇಂದಿನ ಬಲ್ಗೇರಿಯದ ಪ್ಲೊವ್‌ದಿವ್ ನಗರದಲ್ಲಿ ಹಬ್ಬದ ದಿನ ಇಂಥದೇ ಚಕ್ರವನ್ನು ಕಂಡು ಅದರ ಚಿತ್ರವನ್ನೂ ಬರೆದುಕೊಂಡ. ಚಕ್ರ ಹೇಗೆ ಸುತ್ತಿದರೂ ಅದರಲ್ಲಿನ ಮಕ್ಕಳು ನೆಟ್ಟಗೆ ಕುಳಿತೇ ಇರುತ್ತಾರೆಂಬುದು ಅವನಿಗೆ ಸೋಜಿಗವಾಗಿತ್ತು.

ದೆಲ್ಲ ವಾಲೆಯ ಬರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಗ್ರೀಕನ ಕೂಗು. ಅವನು ಯಾರನ್ನು ಕುರಿತು ಕೂಗಿದ? ಪಕ್ಕದಲ್ಲಿ ಕುಳಿತವನಿಂದ ಆಗುವುದೇನೂ ಇರಲಿಲ್ಲ. ಆ ಮಾತು ನೆಲದ ಮೇಲೆ ನಿಂತು ಚಕ್ರವನ್ನು ತಿರುಗಿಸುತ್ತಿದ್ದವರಿಗೆ ಮುಟ್ಟಬೇಕಾಗಿತ್ತು. ತೊಟ್ಟಿಲಿನವನ ಕಸುಬಿನ ತಿರುಳೆಲ್ಲ ಇಲ್ಲಿದೆ. ಸುಖಪಡುವವನಿಗೆ ಸುಖವನ್ನು ಕೊಡುವುದು ಅರ್ಧ ಕೆಲಸ. ‘ಸಾಕು’ ಎಂದವನ ದನಿಯನ್ನು ಗದ್ದಲದ ನಡುವೆ ಕೇಳಿಸಿಕೊಂಡು ನಿಲ್ಲಿಸುವುದು ಉಳಿದರ್ಧ.

ಆ ಕಾಲದಲ್ಲಿ ಚಕ್ರಕ್ಕೂ ಕೈಗೂ ನಡುವೆ ಬೇರೆ ಏನೂ ಇರಲಿಲ್ಲ. ನಾಲ್ಕೇ ತೊಟ್ಟಿಲುಗಳ ಮರದ ರಾಟೆಯನ್ನು ಕೈಯಿಂದ ದೂಡಿ ತಿರುಗಿಸುವುದನ್ನು ನಮ್ಮಲ್ಲಿ ಹಲವರು ಬಾಲ್ಯದಲ್ಲಿ ಕಂಡವರೇ. ಇನ್ನೂ ಎತ್ತರದ ಚಕ್ರಗಳಿಗೆ ತೋಳಿನ ಬಲ ಸಾಲದು. ಅಲ್ಲಿ ಮೈಯ ಭಾರವೇ ಎಂಜಿನ್ನಾಗಬೇಕು. ಬರ್ಮಾ ದೇಶದ ಪಗೋಡ ಉತ್ಸವಗಳಲ್ಲಿ ಹರೆಯದ ಹುಡುಗರು ಚಕ್ರದ ಅರಗಳನ್ನು ಹಿಡಿದು ಕೋತಿಗಳಂತೆ ತುದಿಗೇರಿ, ಒಂದೇ ಪಕ್ಕಕ್ಕೆ ಜೋತುಬಿದ್ದು, ತಮ್ಮ ಭಾರದಿಂದ ಅದನ್ನು ಕೆಳಗೆಳೆದು ಓಡಿಸುವರು. ಚಕ್ರ ವೇಗ ಹಿಡಿಯುತ್ತಿದ್ದಂತೆ ನೆಲಕ್ಕೆ ಹಾರಿಕೊಳ್ಳುವರು. ನೋಡುವವರಿಗೆ ಅದೊಂದು ದೊಂಬರಾಟ. ಹಾರುವುದು ಒಂದು ಕ್ಷಣ ತಡವಾದರೆ ಏನಾದೀತೆಂಬುದು ಹಾರುವವನಿಗೆ ಗೊತ್ತು.

೧೮೯೩ರಲ್ಲಿ ಅಮೆರಿಕದ ಷಿಕಾಗೋ ನಗರದ ಜಾಗತಿಕ ವಸ್ತುಪ್ರದರ್ಶನದಲ್ಲಿ ಜಾರ್ಜ್ ಫೆರಿಸ್ ಎಂಬ ಎಂಜಿನಿಯರು ನಿಲ್ಲಿಸಿದ ಉಕ್ಕಿನ ಚಕ್ರದಿಂದ ಈ ಚರಿತ್ರೆಯ ಎರಡನೆಯ ಅಧ್ಯಾಯ ತೊಡಗುತ್ತದೆ. ಅದರ ಎತ್ತರ ೨೬೪ ಅಡಿ. ೩೬ ಪೆಟ್ಟಿಗೆಗಳು; ಒಂದೊಂದರಲ್ಲಿ ೬೦ ಜನ ಹಿಡಿಯಬಹುದಾಗಿತ್ತು. ಪ್ರದರ್ಶನವನ್ನು ಪ್ರವೇಶಿಸಲು ಎಷ್ಟು ತೆರಬೇಕೋ ಚಕ್ರವನ್ನೇರಲೂ ಅಷ್ಟೇ, ೫೦ ಸೆಂಟು. ಜೂನ್ ೨೧ರಿಂದ ನವೆಂಬರ್ ಮೊದಲ ವಾರದವರೆಗೆ ೧೪ ಲಕ್ಷಕ್ಕೂ ಮಿಕ್ಕಿ ಜನ ಅದನ್ನೇರಿ ಇಳಿದರು. ತಿರುಗಿಸುವುದು ಉಗಿಯ ಎಂಜಿನ್ನಿನ ಪಾಲಿಗೆ, ನಿಲ್ಲಿಸುವುದು ಗಾಳಿಯೊತ್ತಡದ ಬ್ರೇಕಿನ ಪಾಲಿಗೆ ಹೋಯಿತು. ಆದರೂ ಪೆಟ್ಟಿಗೆ ಪೆಟ್ಟಿಗೆಗೂ ಒಬ್ಬ ನಿರ್ವಾಹಕನಿದ್ದ. ಎತ್ತರಕ್ಕೆ ಹೆದರಿದವರಿಗೆ ಧೈರ್ಯ ಹೇಳುವ ಯಂತ್ರವನ್ನು ಫೆರಿಸನೂ ಕಟ್ಟಿರಲಿಲ್ಲ. ೧೮೯೬ರಲ್ಲಿ, ೩೭ನೆಯ ವಯಸ್ಸಿನಲ್ಲಿ, ಫೆರಿಸ್ ತೀರಿಕೊಂಡ. ೧೯೦೬ರಲ್ಲಿ ಅವನ ಚಕ್ರವನ್ನು ಸಿಡಿಮದ್ದಿಟ್ಟು ಕೆಡವಿದರು. ಹೆಸರು ಮಾತ್ರ ಇಂದಿಗೂ ಉಳಿದಿದೆ. ಪೆಟ್ಟಿಗೆಗಳಲ್ಲಿ ನಿಂತಿದ್ದ ನಿರ್ವಾಹಕರ ಹೆಸರುಗಳನ್ನು ಯಾರೂ ನೆನೆಯುವುದಿಲ್ಲ.

ಷಿಕಾಗೋ ಚಕ್ರ ಜಾತ್ರೆಗಳನ್ನು ಸುತ್ತುವಂಥದಾಗಿರಲಿಲ್ಲ. ಜಾತ್ರೆಯಿಂದ ಜಾತ್ರೆಗೆ ಹೊತ್ತೊಯ್ಯಬಲ್ಲ ಚಕ್ರ ಬಂದದ್ದು ಅನಂತರ. ಫೆರಿಸನ ಚಕ್ರವನ್ನೇರಿ ಮರುಳಾಗಿದ್ದ ವಿಲಿಯಂ ಸಲಿವನ್ ಎಂಬಾತ ೧೯೦೦ರಲ್ಲಿ ಇಲಿನಾಯ್ ಪ್ರಾಂತದ ಜಾಕ್ಸನ್‌ವಿಲ್ ಊರಿನಲ್ಲಿ, ಬಿಚ್ಚಿ ಕಟ್ಟಬಹುದಾದ ಚಕ್ರವೊಂದನ್ನು ಮೊದಲ ಬಾರಿಗೆ ತಿರುಗಿಸಿ ತೋರಿಸಿದ. ತೊಟ್ಟಿಲಿನವನ ಬಾಳು ಅಂದಿನಿಂದ ಬೇರೆಯಾಯಿತೆಂದೇ ಹೇಳಬೇಕು. ತಿರುಗಿಸುವವನೇ ಈಗ ಕಟ್ಟುವವನೂ ಬಿಚ್ಚುವವನೂ ಹೊರುವವನೂ ಆದ. ಜನ ನೋಡುವುದು ತಿರುಗುವ ದಿನಗಳನ್ನು ಮಾತ್ರ. ನೆಲವನ್ನು ಸಮಮಾಡಿ, ಅಡಿಗೆ ಮರದ ದಿಮ್ಮಿ ಕೊಟ್ಟು, ಅರಕ್ಕೆ ಅರ ಜೋಡಿಸಿ ಬೋಲ್ಟು ಬಿಗಿಯುವ ದಿನಗಳಲ್ಲಿ ಟಿಕೆಟ್ಟಿಲ್ಲ, ದೀಪವಿಲ್ಲ, ನೋಡುವವರೂ ಇಲ್ಲ. ಕೆಲಸವೂ ಅಪಾಯವೂ ಹೆಚ್ಚಾಗಿರುವುದು ಆ ದಿನಗಳಲ್ಲಿ.

ಈ ಕಸುಬಿನಲ್ಲಿ ಹೊರಗಿನವರ ಕಣ್ಣಿಗೆ ಬೀಳದ ಜಾಣತನವೊಂದಿದೆ. ಚಕ್ರವೆಂದರೆ ನೆಟ್ಟಗೆ ನಿಲ್ಲಿಸಿದ ತಕ್ಕಡಿ. ಒಂದು ಪಕ್ಕಕ್ಕೇ ಜನರನ್ನು ತುಂಬಿದರೆ ಭಾರವಾದ ಪಕ್ಕ ತಾನಾಗಿ ಕೆಳಗೆಳೆಯುತ್ತದೆ. ಎಂಜಿನ್ನೂ ಬ್ರೇಕೂ ತಿಣುಕಬೇಕಾಗುತ್ತದೆ. ಆದ್ದರಿಂದ ಅನುಭವಿಯಾದವನು ಸಾಲಿನಲ್ಲಿ ನಿಂತವರನ್ನು ಕಣ್ಣಿನಲ್ಲೇ ತೂಗುತ್ತಾನೆ. ದಪ್ಪಗಿರುವ ಗಂಡಹೆಂಡಿರನ್ನು ಈ ತೊಟ್ಟಿಲಿಗೆ ಕೂರಿಸಿದರೆ, ಅರ್ಧ ಸುತ್ತು ತಿರುಗಿಸಿ, ಎದುರಿನ ತೊಟ್ಟಿಲಿಗೆ ಅದೇ ಭಾರದವರನ್ನು ಕರೆಯುತ್ತಾನೆ. ಸಾಲಿನಲ್ಲಿ ಹಿಂದಿದ್ದವರನ್ನು ಮುಂದೆ ಕರೆದನೆಂದು ಜನ ರೇಗುವುದುಂಟು. ಅವರು ಅನ್ಯಾಯವೆಂದು ತಿಳಿದದ್ದು ಅವರ ಪ್ರಾಣವನ್ನು ಕಾಯುವ ಲೆಕ್ಕ.

ಕೈಯಿಂದ ಗುಂಡಿಗೆ ಆದ ಈ ಪಯಣ ಬೇರೆ ಆಟಗಳಲ್ಲೂ ಕಾಣುತ್ತದೆ. ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ ೧೮೮೪ರಲ್ಲಿ ತೊಡಗಿದ ಏರಿಳಿತದ ವಿನೋದ ರೈಲು ಗಂಟೆಗೆ ಆರೇ ಮೈಲಿ ಓಡುತ್ತಿತ್ತು. ಮುಂದೆ ವೇಗ ಹೆಚ್ಚಿದಂತೆ ಹಲವು ರೈಲುಗಳಲ್ಲಿ ಬ್ರೇಕ್ ಹಿಡಿಯುವವನೊಬ್ಬ ಪ್ರಯಾಣಿಕರ ನಡುವೆಯೇ ನಿಂತು ಹೋಗುವುದು ರೂಢಿಯಾಯಿತು. ಎಲ್ಲಿ ಬಿಡಬೇಕು, ಎಲ್ಲಿ ಬಿಗಿಯಬೇಕು ಎಂಬುದು ಅವನ ಅಂಗೈಗೆ ತಿಳಿದಿತ್ತು. ಹಳಿಯ ಅಡಿಯಿಂದಲೂ ಕಚ್ಚಿ ಹಿಡಿಯುವ ಗಾಲಿಗಳನ್ನು ಜಾನ್ ಮಿಲ್ಲರ್ ರೂಪಿಸಿದ ಮೇಲೆ, ೧೯೨೦ರ ದಶಕದಿಂದ, ಬ್ರೇಕು ನೆಲದ ಮೇಲಿನ ನಿರ್ವಾಹಕನ ವಶಕ್ಕೆ ಬರುತ್ತ ಹೋಯಿತು. ಮೆಲ್ಬರ್ನಿನ ಲೂನಾ ಪಾರ್ಕಿನಲ್ಲಿ ೧೯೧೨ರಿಂದಲೂ, ಕೋಪನ್‌ಹೇಗನ್ನಿನ ತಿವೋಲಿ ಉದ್ಯಾನದಲ್ಲಿ ೧೯೧೪ರಿಂದಲೂ ಇರುವ ಹಳೆಯ ರೈಲುಗಳಲ್ಲಿ ಮಾತ್ರ ಬ್ರೇಕಿನವನು ಇನ್ನೂ ಪ್ರಯಾಣಿಕರ ಜತೆಯಲ್ಲೇ ಹೋಗುತ್ತಾನೆ. ಅಲ್ಲಿ ಅವನೂ ಒಂದು ಆಕರ್ಷಣೆ.

ಕೋನಿ ದ್ವೀಪದ ಚರಿತ್ರೆಯಲ್ಲಿ ಇನ್ನೊಂದು ಪಾಠವಿದೆ. ೧೯೧೧ರ ಮೇ ೨೭, ಅಲ್ಲಿನ ಡ್ರೀಮ್‌ಲ್ಯಾಂಡ್ ಉದ್ಯಾನ ಆ ವರ್ಷದ ಬಾಗಿಲು ತೆರೆಯಬೇಕಾಗಿದ್ದ ದಿನ. ಹಿಂದಿನ ರಾತ್ರಿಯೆಲ್ಲ ಕೆಲಸಗಾರರು ದೋಣಿಯಾಟವೊಂದರ ಸೋರಿಕೆಯನ್ನು ಕಾದ ಡಾಂಬರಿನಿಂದ ಮುಚ್ಚುತ್ತಿದ್ದರು. ನಡುರಾತ್ರಿ ಕಳೆದ ಮೇಲೆ ದೀಪಗಳು ಕೆಟ್ಟವು. ಕತ್ತಲಿನಲ್ಲಿ ಡಾಂಬರಿನ ಬಕೆಟ್ಟು ಉರುಳಿತು. ಬೆಳಗಾಗುವುದರೊಳಗೆ ಮರ ಗಾರೆಗಳ ಆ ಕನಸಿನ ಊರು ಬೂದಿಯಾಗಿತ್ತು. ಋತುವನ್ನು ನಂಬಿದ ವ್ಯಾಪಾರದಲ್ಲಿ ಮೊದಲ ದಿನವನ್ನು ಕಳೆದುಕೊಳ್ಳಲು ಯಾರೂ ಒಪ್ಪುವುದಿಲ್ಲ. ಆ ಅವಸರವನ್ನು ಹೊರುವವರು ರಾತ್ರಿಯ ಕೂಲಿಗಳು.

ಋತುವಿನ ಮಾತು ಬಂದಿತು. ಪಶ್ಚಿಮದ ದೇಶಗಳಲ್ಲಿ ವಿನೋದಕ್ಕೆ ಬೇಸಿಗೆ ಕಾಲ. ನಮ್ಮಲ್ಲಿ ಮಳೆ ಹಿಂದಾದ ಮೇಲೆ. ಮೈಸೂರಿನ ವಸ್ತುಪ್ರದರ್ಶನ ದಸರೆಯೊಡನೆ ತೊಡಗುತ್ತದೆ. ಪುಷ್ಯ ಮಾಸದಲ್ಲಿ ಬಾದಾಮಿಯ ಬನಶಂಕರಿ ಜಾತ್ರೆ. ವರ್ಷ ಬಿಟ್ಟು ವರ್ಷ ಶಿರಸಿಯ ಮಾರಿಕಾಂಬೆಯ ಜಾತ್ರೆ. ಸುಗ್ಗಿ ಮುಗಿದು ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ ಇದು. ಮುಂಗಾರಿನೊಡನೆ ಎಲ್ಲವೂ ನಿಲ್ಲುತ್ತದೆ. ಕರಾವಳಿಯಲ್ಲಿ ಯಕ್ಷಗಾನದ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚುವಂತೆ ಇವರೂ ಬೋಲ್ಟು ಬಿಚ್ಚುತ್ತಾರೆ. ಆದರೆ ವೇಷಧಾರಿಯ ಹೆಸರು ಕರಪತ್ರದಲ್ಲಿ ಅಚ್ಚಾಗುತ್ತದೆ, ಮುಂದಿನ ತಿರುಗಾಟಕ್ಕೆ ಅವನಿಗೆ ಕರೆ ಬರುತ್ತದೆ. ತೊಟ್ಟಿಲಿನವನಿಗೆ ಅಂಥ ಭರವಸೆಯಿಲ್ಲ. ೨೦೨೦ರಲ್ಲಿ ಮಹಾಮಾರಿಯ ದೆಸೆಯಿಂದ ದಸರೆಯೇ ಅರಮನೆಯ ಆವರಣದೊಳಗೆ ಸರಳವಾಗಿ ಮುಗಿಯಿತು. ಊರೂರಿನ ಜಾತ್ರೆಗಳು ನಿಂತವು. ಇತರರಿಗೆ ಅದು ಹಬ್ಬವಿಲ್ಲದ ವರ್ಷ, ಇವರಿಗೆ ಅನ್ನವಿಲ್ಲದ ವರ್ಷ.

ಕೆಲವೇ ತಿಂಗಳ ಕೆಲಸ ಎಂಬುದನ್ನು ಕಾನೂನು ಹೇಗೆ ಕಂಡಿತೆಂಬುದೂ ವಿಚಾರ ಮಾಡತಕ್ಕದ್ದು. ಅಮೆರಿಕದಲ್ಲಿ ಕನಿಷ್ಠ ಕೂಲಿಯ ರಾಷ್ಟ್ರೀಯ ಶಾಸನ ಬಂದದ್ದು ೧೯೩೮ರಲ್ಲಿ. ೧೯೬೦ರ ದಶಕದ ತಿದ್ದುಪಡಿಗಳಲ್ಲಿ, ವರ್ಷಕ್ಕೆ ಏಳು ತಿಂಗಳಿಗಿಂತ ಹೆಚ್ಚು ನಡೆಯದ ವಿನೋದ ಕೇಂದ್ರಗಳಿಗೆ ಆ ಕೂಲಿಯಿಂದಲೂ ಹೆಚ್ಚುವರಿ ಗಂಟೆಗಳ ಸಂಬಳದಿಂದಲೂ ವಿನಾಯಿತಿ ದೊರೆಯಿತು. ರಾಜ್ಯಗಳ ಕಾನೂನು ಬೇರೆ ಹೇಳದಿದ್ದಲ್ಲಿ ಅದು ಇಂದಿಗೂ ಅನ್ವಯಿಸುತ್ತದೆ. ಕೆಲಸದ ಅವಧಿ ಮೊಟಕಾದಷ್ಟೂ ಗಂಟೆಗಳು ಉದ್ದವಾಗುತ್ತವೆ. ಗಂಟೆಗಳು ಉದ್ದವಾದಲ್ಲೇ ಕೂಲಿಯ ಕಾವಲು ಇಲ್ಲ. ತಾತ್ಕಾಲಿಕವಾದದ್ದು ಹಗುರವಾದದ್ದೆಂಬ ಭಾವನೆ ಶಾಸನದಲ್ಲೂ ನುಸುಳಿದೆಯೆಂದು ನನಗೆ ತೋರುತ್ತದೆ.

ಇನ್ನು ಆ ಗಂಟೆಗಳೊಳಗಿನ ಕೆಲಸ. ಏರುವವನಿಗೆ ಒಂದು ಸವಾರಿ ಕೆಲವು ನಿಮಿಷಗಳ ಅಪೂರ್ವ ಅನುಭವ. ನಡೆಸುವವನಿಗೆ ಅದು ಸಂಜೆಯಿಂದ ನಡುರಾತ್ರಿಯವರೆಗೆ ಮತ್ತೆ ಮತ್ತೆ ಬರುವ ಒಂದೇ ಸವಾರಿ. ಕೂರಿಸು, ಅಡ್ಡಪಟ್ಟಿ ಹಾಕು, ಕೊಂಡಿ ನೋಡು, ಕೈಯೆತ್ತು, ಬಿಡು. ನೂರನೆಯ ಕೊಂಡಿಯನ್ನೂ ಮೊದಲನೆಯದರಂತೆಯೇ ನೋಡಬೇಕು. ನಾನು ಕಂಡ ಜಾತ್ರೆಗಳಲ್ಲಿ ಇವರಲ್ಲಿ ಹಲವರು ದೂರದ ಸೀಮೆಯಿಂದ ಬಂದ ಹಿಂದಿ ಮಾತಿನ ತರುಣರು. ಯಂತ್ರದ ಹಿಂದೆಯೇ ತಾಡಪಾಲು ಕಟ್ಟಿಕೊಂಡು ಅಡಿಗೆ, ನಿದ್ದೆ ಎಲ್ಲ ಅಲ್ಲೇ. ಕುಡಿದು ಬಂದವನನ್ನು ತಡೆದರೆ ಬೈಗುಳ; ಎತ್ತರ ಸಾಲದ ಮಗುವನ್ನು ಹಿಂದಕ್ಕೆ ಕಳಿಸಿದರೆ ಅದರ ತಂದೆಯ ಸಿಟ್ಟು. ಗಿರಾಕಿಯನ್ನು ಹಿಂದಿರುಗಿಸಿದನೆಂದು ಯಜಮಾನನ ಮುನಿಸು ಬೇರೆ.

ಅವಘಡವಾದರಂತೂ ಎಲ್ಲರ ಕಣ್ಣು ಮೊದಲು ಅವನ ಮೇಲೆ. ೨೦೧೭ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಮೇಳದಲ್ಲಿ ತೂಗಾಟದ ಯಂತ್ರವೊಂದರ ತೋಳು ಮುರಿದು ಒಬ್ಬ ತರುಣ ಮಡಿದ, ಏಳು ಮಂದಿ ಗಾಯಗೊಂಡರು. ಅಂದೇ ತಪಾಸಣೆಯಲ್ಲಿ ತೇರ್ಗಡೆಯಾಗಿದ್ದ ಯಂತ್ರ ಅದು. ತುಕ್ಕು ತಿಂದಿದ್ದುದು ತೊಲೆಯ ಒಳಮೈಯಲ್ಲಿ. ಗುಂಡಿಯ ಬಳಿ ನಿಂತವನ ಕಣ್ಣಿಗೆ ಕಾಣುವಂಥದಲ್ಲ ಅದು. ೨೦೧೯ರ ಜುಲೈ ೧೪ರಂದು ಅಹಮದಾಬಾದಿನ ಕಾಂಕರಿಯಾ ಕೆರೆಯಂಗಳದಲ್ಲಿ ಇಂಥದೇ ಯಂತ್ರ ಮುರಿದು ಇಬ್ಬರು ತೀರಿಕೊಂಡರು. ಗಾಯಗೊಂಡವರು ಇಪ್ಪತ್ತಕ್ಕೂ ಹೆಚ್ಚು. ಆಗ ಬಂಧನಕ್ಕೊಳಗಾದವರಲ್ಲಿ ಒಡೆಯರ ಜತೆಗೆ ಯಂತ್ರ ನಡೆಸುತ್ತಿದ್ದವರೂ ಅವರ ಸಹಾಯಕನೂ ಇದ್ದರು. ತಪ್ಪು ಯಾರದೆಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ನಾಲ್ಕು ಶತಮಾನಗಳಲ್ಲಿ ತಿರುಗಿಸುವ ಬಲವನ್ನು ಎಂಜಿನ್ನಿಗೂ, ತಡೆಯುವ ಕೌಶಲವನ್ನು ಬ್ರೇಕಿಗೂ ಒಪ್ಪಿಸಿದ ನಾವು, ಹೊಣೆಯ ಬಹುಪಾಲನ್ನು ಅದೇ ಕೈಯಲ್ಲಿ ಬಿಟ್ಟಿದ್ದೇವೆ ಎಂಬುದನ್ನಷ್ಟೇ ಹೇಳುತ್ತೇನೆ.

ಹೊಣೆಯನ್ನು ಕೊಟ್ಟ ಮೇಲೆ ಅದಕ್ಕೆ ತಕ್ಕ ಅಧಿಕಾರವನ್ನೂ ಕೊಡಬೇಕಲ್ಲವೆ? ಕಟ್ಟುವ ದಿನಕ್ಕೂ ಬಿಚ್ಚುವ ದಿನಕ್ಕೂ ಕೂಲಿ, ಕಸುಬು ಕಲಿತದ್ದಕ್ಕೊಂದು ದಾಖಲೆ, ಇಷ್ಟು ಗಂಟೆ ನಿಂತ ಮೇಲೆ ಮತ್ತೊಬ್ಬ ಬಂದು ನಿಲ್ಲುವ ಏರ್ಪಾಡು, ಇವು ದೊಡ್ಡ ಬೇಡಿಕೆಗಳಲ್ಲ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಸಂಶಯ ಬಂದಾಗ ಕೂಲಿ ಹೋದೀತೆಂಬ ಅಂಜಿಕೆಯಿಲ್ಲದೆ ಯಂತ್ರವನ್ನು ನಿಲ್ಲಿಸುವ ಹಕ್ಕು. ನಾಲ್ಕು ನೂರು ವರ್ಷಗಳ ಹಿಂದೆ ಆ ಗ್ರೀಕನಿಗೆ ‘ಸಾಕು’ ಎನ್ನಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಕೆಳಗೆ ನಿಂತವನಿಗೆ ಆ ಮಾತನ್ನು ಆಡುವ ಸ್ವಾತಂತ್ರ್ಯ ಇನ್ನೂ ದೊರೆತಿಲ್ಲ. ಅವನಿಗೆ ಅದು ದೊರೆಯುವ ತನಕ ಮೇಲೆ ಕುಳಿತವರ ಕ್ಷೇಮವೂ ಅರೆಬರೆಯೇ. ಮಕ್ಕಳನ್ನು ತೊಟ್ಟಿಲಿಗೆ ಹತ್ತಿಸುವ ಮುನ್ನ ನಾವೆಲ್ಲ ಕಬ್ಬಿಣ ಗಟ್ಟಿಯಾಗಿದೆಯೇ ಎಂದು ನೋಡುತ್ತೇವೆ. ಗುಂಡಿಯ ಬಳಿ ನಿಂತವನು ಎಷ್ಟು ಹೊತ್ತಿನಿಂದ ನಿಂತಿದ್ದಾನೆ, ಉಂಡಿದ್ದಾನೆಯೇ ಎಂದೂ ಒಂದು ಮಾತು ಕೇಳುವುದು ಒಳ್ಳೆಯದು.